ಕಪಾಟಿನ ಮೇಲೆ ಯಾರೂ ಇಲ್ಲ

ಪುಟ್ಟ ಮಗುವಿರುವ ಹೆಂಗಸನ್ನು ಹಕ್ಕಿ ಸಾಕಿದ್ದಕ್ಕೆ ಜೈಲಿಗೆ ಹಾಕುತ್ತಾರೆಯೇ? ಪಾತ್ರೆ ತೊಳೆಯುವಾಗ, ಮಗಳು ಹ್ಯಾಟಿಯ ತಲೆ ಬಾಚುವಾಗ, ಎಲ್ಲ ಹೊತ್ತಿನಲ್ಲೂ ನನ್ನನ್ನು ಕೊರೆಯುತ್ತಿದ್ದುದು ಇದೊಂದೇ ಪ್ರಶ್ನೆ.

ಶುರುವಾದದ್ದು ಮಾತ್ರ ಮಹಾ ಸಂಕಲ್ಪದಿಂದ! "ನಮ್ಮ ವಿಸ್ಕಾನ್ಸಿನ್ ಬಯಲಿಂದ ಕೋಳಿಯಂಥ ಗ್ರೌಸ್ ಹಕ್ಕಿ ಮಾಯವಾಗ್ತಿದೆ. ಅದರ ವಂಶೋದ್ಧಾರ ನಮ್ಮ ಹಿತ್ತಲಿಂದಲೇ!" ಎಂದು ಗಂಡ ಡ್ವೇನ್‌ಗೆ ಘೋಷಿಸಿದೆ. ವಸಂತದ ಕೋಳಿಸಂತೆಗೆ ಹೋದೆ. ಮೇವಿನಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೋಳಿ, ಬಾತು ಮಾರುವವರ ನಡುವೆ ಒಬ್ಬ, "ಅಪ್ಪಟ ಇಲ್ಲಿಯದೇ ಗ್ರೌಸ್" ಎಂದು ಪಿಸುಗುಟ್ಟಿ ಮೊಟ್ಟೆ ಕೊಟ್ಟ. ಸಂತೆಯಲ್ಲಿ ಪಿಸುಗುಟ್ಟುವುದೇಕೆ ಎಂದು ಮಿಲ್ವಾಕಿ ನಗರದಲ್ಲಿ ಓದಿದ ನನ್ನ ತಲೆಗೆ ಹೊಳೆಯಲಿಲ್ಲ.

ಕಾವಿಗೆ ಕೂತಿದ್ದ ನಮ್ಮ ಕೆಂಪು ಹೇಂಟೆ ಅವನ್ನು ಮರಿ ಮಾಡಿತು. ಚಳಿಯೆಂದು ಹೇಂಟೆಯನ್ನೂ ಮರಿಗಳನ್ನೂ ಅಡುಗೆಮನೆಗೇ ತಂದೆ. ಎರಡನೆಯ ವಾರ ಒಂದು ಮರಿ ಭರ್ರನೆ ಹಾರಿ ಕಪಾಟಿನ ಮೇಲೆ! ಹಿಂದೆಯೇ ಉಳಿದವೂ!

"ಕೋಳಿಮರಿ ಇಷ್ಟು ಬೇಗ ಹಾರಲ್ಲ ಕಣೇ," ಎಂದ ಡ್ವೇನ್. "ನಿಜವಾಗ್ಲೂ ಗ್ರೌಸೇ ಕೊಟ್ಟನಲ್ಲ ಆ ಪುಣ್ಯಾತ್ಮ!"

"ಮತ್ತೆ? ನಾನು ಕೇಳಿದ್ದೇ ಅದು!"

"ಲೈಸೆನ್ಸು?"

"ಕೋಳಿಗೂ ಲೈಸೆನ್ಸಾ?"

"ಇದು ಕೋಳಿ ಅಲ್ಲ, ಮಹಾತಾಯಿ!"

ಕಾನೂನು ಓದಿದೆ. ಕಾಡಿನ ಗೂಡಿಂದ ತೆಗೆದ ಮೊಟ್ಟೆಯಾದರೆ ಮುಟ್ಟುವಂತೆಯೇ ಇಲ್ಲ. ಸಾಕಿದ ಹಕ್ಕಿಯದಾದರೂ ಪರವಾನಗಿ ಮೊದಲು, ಹಕ್ಕಿ ಆಮೇಲೆ. ಕಿಟಕಿಯ ಪರದೆ ಎಳೆದೆ. "ಯಾರಾದ್ರೂ ಕೇಳಿದ್ರೆ ಹಕ್ಕಿ ಇಲ್ಲ ಅನ್ನು," ಎಂದು ಮೂರು ವರ್ಷದ ಹ್ಯಾಟಿಗೆ ಪಾಠ ಮಾಡಿದೆ.

ಶುಕ್ರವಾರ ಸಂಜೆ ಇಡೀ ಊರು ಕರಿದ ಮೀನು ತಿನ್ನಲು ಹೋಟೆಲಿನಲ್ಲಿ ಸೇರುತ್ತದೆ; ನಾವೂ ಹೋದೆವು. ಪಕ್ಕದ ಮೇಜಿನಲ್ಲಿ ಯಾರು? ವನ್ಯಜೀವಿ ಇಲಾಖೆಯ ಕುಬಿಯಾಕ್!

"ಏನ್ ಪುಟ್ಟೀ, ಮೀನು ಚೆನ್ನಾಗಿದೆಯಾ?"

"ನಮ್ಮನೇಲಿ ಹಕ್ಕಿ ಇಲ್ಲ!" ಎಂದಳು ಹ್ಯಾಟಿ. "ಕಪಾಟಿನ ಮೇಲಂತೂ ಇಲ್ವೇ ಇಲ್ಲ!"

ಡ್ವೇನ್‌ಗೆ ಕೆಮ್ಮು ಹತ್ತಿತು. ಕುಬಿಯಾಕ್ ನನ್ನನ್ನೊಮ್ಮೆ ನೋಡಿ ಮೀನಿಗೆ ನಿಂಬೆ ಹಿಂಡಿದರು. ನನ್ನನ್ನೇ ಹಿಂಡಿದಂತಾಯಿತು!

ಮನೆಗೆ ಬಂದರೆ ಹೊಸ ಕಳವಳ. ಇಷ್ಟು ದಿನ ಅಷ್ಟಿಷ್ಟು ಕುಕ್ಕುತ್ತಿದ್ದ ಮರಿಗಳು ಈಗ ಮೇವು ಮೂಸಿಯೂ ನೋಡುತ್ತಿಲ್ಲ. ಓದಿ ನೋಡಿದರೆ, ಅವಕ್ಕೆ ಹುಲ್ಲಿನಲ್ಲಿ ಓಡಾಡುವ ಜೀವಂತ ಹುಳುಗಳೇ ಬೇಕಂತೆ. ನಾನು, ಹ್ಯಾಟಿ ಹಿತ್ತಲೆಲ್ಲ ತೆವಳಿ ಹಿಡಿದ ಮಿಡತೆಗಳು ಒಂದು ತುತ್ತಿಗೂ ಸಾಲಲಿಲ್ಲ. ಕೆಳಗೆ ಹೇಂಟೆ ಕಾಳು ಕೆದಕಿ, ಕೊಕ್ಕಿನಿಂದ ಎತ್ತಿ ಎತ್ತಿ ಕರೆಯುತ್ತಿತ್ತು. ಮೇಲಿನಿಂದ ಒಂದೂ ಇಳಿಯಲಿಲ್ಲ. ಅತಿ ಚಿಕ್ಕದು ಕಣ್ಣು ಮುಚ್ಚಿ ಗೋಡೆಗೆ ಒರಗಿತ್ತು.

ಹೇಂಟೆಯ ತಾಯ್ತನದಲ್ಲಿ ಸುಳ್ಳಿರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಆದರೆ ಬಯಲು ಕೊಡುವುದನ್ನು ಕೊಡಲು ನಮ್ಮಿಬ್ಬರ ಕೈಲೂ ಆಗದು. ನಾನು ಇಷ್ಟು ದಿನ ಕಾಪಾಡುತ್ತಿದ್ದುದು ಹಕ್ಕಿಯನ್ನೋ, ನನ್ನನ್ನೋ?

ಫೋನ್ ತೆಗೆದೆ.

"ಕುಬಿಯಾಕ್ ಅವರೇ, ನಾನು ಕೊರಿನ್, ಹ್ಯಾಟಿಯ ಅಮ್ಮ. ತಪ್ಪು ನನ್ನದೇ. ಬಂದು ಕರ್ಕೊಂಡು ಹೋಗಿ."

"ಯಾರನ್ನಮ್ಮಾ? ನಿಮ್ಮನ್ನೋ, ಮರಿಗಳನ್ನೋ?"

"ಮೊದಲು ಮರಿಗಳನ್ನ ಸ್ವಾಮಿ! ನಾನಾದ್ರೆ ಜೈಲಲ್ಲಿ ಏನು ಹಾಕಿದ್ರೂ ತಿಂತೀನಿ!"