ಬರ್ತೀನಿ ಸಾರ್

ಒಂದು ಮಾತಿಗೆ ಎರಡು ಅರ್ಥ ಬಂದರೆ ಕೈಪಿಡಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಅವನ ಕೆಲಸವೇ ಅಂಥದ್ದು. ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರಿನ ಫಿಲ್ಟರು ತಯಾರಿಸುವ ಕಂಪನಿಯೊಂದರಲ್ಲಿ, ಆ ಸಾಮಾನುಗಳ ಜೊತೆ ಡಬ್ಬಿಯೊಳಗೆ ಇಡುವ ಪುಟ್ಟ ಪುಸ್ತಕಗಳನ್ನು ಬರೆಯುವುದು ಅವನ ಉದ್ಯೋಗ. ಯಾರೂ ಓದದ ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಬರೆಯುವವನು ಇನ್ನೊಬ್ಬನಿಲ್ಲ ಎಂದು ಜೊತೆಯವರು ಅವನಿಗೆ ಕೈಪಿಡಿ ಎಂದೇ ಹೆಸರಿಟ್ಟಿದ್ದರು. ಅಂಥವನು ಒಂದು ಸೋಮವಾರ ಬೆಳಿಗ್ಗೆ, ಎರಡು ಅರ್ಥದ ಒಂದು ಪುಟ್ಟ ಮಾತನ್ನು ಬಾಯಿಬಿಟ್ಟು ಆಡಿ ಸಿಕ್ಕಿಬಿದ್ದ.

ಕಂಪನಿಯವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿ ವರ್ಷಗಳೇ ಆಗಿದ್ದವು. ಉಳಿದವರಿಗೆ ಅದು ಬರೀ ಆರಾಮ, ಕೈಪಿಡಿಗೆ ಪರಮ ಭಾಗ್ಯ. ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ಸೋದರತ್ತೆ. ಅವನು ಬರೆದ ವಾಕ್ಯವನ್ನು ಗಟ್ಟಿಯಾಗಿ ಓದುತ್ತಿದ್ದ. ಅತ್ತೆ ಅದರಲ್ಲಿ ಏನು ಹೇಳಿದೆಯೋ ಅಷ್ಟನ್ನೇ ಮಾಡುತ್ತಿದ್ದರು, ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ. 'ಮುಚ್ಚಳವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ಗುಂಡಿಯನ್ನು ತಿರುಗಿಸಿ' ಎಂದು ಅವನು ಓದಿದ ದಿನ, ಅತ್ತೆ ಎರಡೂ ಕೈಗಳಿಂದ ಮುಚ್ಚಳ ಒತ್ತಿ ನಿಂತು, "ಇನ್ನು ಗುಂಡೀನ ಮೂಗಲ್ಲಿ ತಿರುಗಿಸ್ಲೇನೋ?" ಎಂದು ಕೇಳಿದ್ದರು. ಕೈಪಿಡಿ ಕುಣಿದಾಡಿ ವಾಕ್ಯವನ್ನು ತಿದ್ದಿದ.

ಆಫೀಸಿನ ಗದ್ದಲದಲ್ಲಿ ಬರೆಯುತ್ತಿದ್ದ ಕಾಲದ ನೆನಪು ಬಂದರೆ ಈಗಲೂ ಅವನ ಎದೆ ಝಲ್ಲೆನ್ನುತ್ತಿತ್ತು. ಇಸ್ತ್ರಿಪೆಟ್ಟಿಗೆಯ ಪುಸ್ತಕದಲ್ಲಿ 'ಸ್ವಲ್ಪ ಹೊತ್ತು ಕಾದ ಮೇಲೆ ಬಟ್ಟೆಯ ಮೇಲಿಡಿ' ಎಂದು ಬರೆದುಬಿಟ್ಟಿದ್ದ. ಗಿರಾಕಿಯೊಬ್ಬ ಸ್ವಿಚ್ಚು ಹಾಕದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತಾನೇ ಸ್ವಲ್ಪ ಹೊತ್ತು ಕಾದು, ಆಮೇಲೆ ತಣ್ಣಗಿನ ಪೆಟ್ಟಿಗೆಯನ್ನು ಅಂಗಿಯ ಮೇಲಿಟ್ಟು, ಕಂಪನಿಗೆ ಫೋನು ಮಾಡಿ ಹಿಗ್ಗಾಮುಗ್ಗಾ ಬೈದಿದ್ದ. ಅತ್ತೆ ಪಕ್ಕದಲ್ಲಿದ್ದರೆ ಇಂಥ ಅನಾಹುತ ಆಗುವುದಿಲ್ಲ. ಹಾಗಾಗಿ ಮತ್ತೆ ಆಫೀಸಿಗೆ ಹೋಗುವ ಮಾತು ಬಂದರೆ, ಯಾರೋ ತನ್ನ ಬಲಗೈಯನ್ನು ಮನೆಯಲ್ಲಿ ಬಿಟ್ಟು ಬಾ ಎಂದಂತೆ ಅವನಿಗೆ ಅನ್ನಿಸುತ್ತಿತ್ತು.

ಆ ಮಾತು ಬಂದೇ ಬಂತು. ಮ್ಯಾನೇಜರು ಕೆಲವು ವಾರಗಳಿಂದ ಎಲ್ಲರೂ ಆಫೀಸಿಗೆ ಬರಬೇಕೆಂದು ಗಂಟುಬಿದ್ದಿದ್ದರು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಕೆಲಸವೇನೂ ನಿಂತಿರಲಿಲ್ಲ, ಮೇಲಿನವರಿಂದ ಬೈಗುಳವೂ ಬಂದಿರಲಿಲ್ಲ. ಈ ಮನುಷ್ಯನಿಗೆ ನಮ್ಮ ಮುಖ ನೋಡುವ ಚಪಲ ಯಾಕೆ ಬಂತು ಎಂದು ಕೈಪಿಡಿ ಸ್ನಾನ ಮಾಡುವಾಗಲೂ ಯೋಚಿಸುತ್ತಿದ್ದ. ಲೆಕ್ಕಪತ್ರ ನೋಡಿಕೊಳ್ಳುವ, ಎಲ್ಲರೂ ಲೆಕ್ಕದಕ್ಕ ಎಂದು ಕರೆಯುವ ಹಿರಿಯಾಕೆ ಭಾನುವಾರ ಸಂಜೆ ಎಲ್ಲರಿಗೂ ಫೋನು ಮಾಡಿ ಒಂದೇ ಮಾತು ಹೇಳಿದ್ದಳು: ನಾಳೆಯ ಮೀಟಿಂಗಿನಲ್ಲಿ ಒಬ್ಬರೂ ಹೂಂ ಅನ್ನಕೂಡದು. ಎಲ್ಲರೂ ಒಗ್ಗಟ್ಟಾಗಿ ಉಹೂಂ ಅಂದರೆ ಮ್ಯಾನೇಜರು ಏನೂ ಮಾಡಲಾರರು.

ಸೋಮವಾರ ಎಲ್ಲರೂ ಪರದೆಯ ಮೇಲೆ ಮುಖ ತೋರಿಸಿದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮಗುವಿನ ಕಾಟ. ಪುಸ್ತಕಗಳಿಗೆ ಚಿತ್ರ ಬರೆಯುವವನಿಗಂತೂ ಬಸ್ಸು ಕಂಡರೆ ತಲೆ ಸುತ್ತುತ್ತದಂತೆ. ಕೈಪಿಡಿಯನ್ನು ಯಾರೂ ಕೇಳಲೇ ಇಲ್ಲ. ಅವನು ಪರದೆಯ ಮೂಲೆಯಲ್ಲಿ ಮೈಕಿನ ದನಿ ಮುಚ್ಚಿಕೊಂಡು ತಣ್ಣಗೆ ಕೂತಿದ್ದ. "ಹಾಗಾದ್ರೆ ಬರೋರು ಒಬ್ರೂ ಇಲ್ವಾ?" ಎಂದು ಮ್ಯಾನೇಜರು ಕೊನೆಯ ಸಲ ಕೇಳುತ್ತಿದ್ದ ಹೊತ್ತಿಗೇ ಅಡುಗೆಮನೆಯಿಂದ ಅತ್ತೆ ಕೂಗಿದರು. ಅವನು ಓದಿಕೊಟ್ಟ ಪ್ರಕಾರವೇ ನೀರಿನ ಫಿಲ್ಟರು ಜೋಡಿಸಿದ್ದರು. ವಾಕ್ಯದಲ್ಲಿ ನಲ್ಲಿ ನಿಲ್ಲಿಸಿ ಎಂದು ಇರಲಿಲ್ಲ, ಆದ್ದರಿಂದ ನಿಲ್ಲಿಸಿರಲಿಲ್ಲ. ಕೈಪಿಡಿ ಗಡಬಡಿಸಿ ಎದ್ದ. ಹೇಳದೆ ಕೇಳದೆ ಹೊರಟುಬಿಡುವುದು ಅವನ ಸ್ವಭಾವವಲ್ಲ. ಎದ್ದು ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಅತ್ತೆ ಅವನಿಗೆ ಮಾತು ಬರುವ ಮೊದಲಿನಿಂದ ಕಲಿಸಿದ್ದರು. ಅವನು ದನಿ ತೆರೆದು, ಬಹಳ ವಿನಯದಿಂದ, "ನಾನು ಬರ್ತೀನಿ ಸಾರ್" ಎಂದು ಹೇಳಿ, ಲ್ಯಾಪ್‌ಟಾಪು ಮುಚ್ಚಿ, ನೆಲ ಒರೆಸಲು ಓಡಿದ.

ಒರೆಸಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಳ್ಳತೊಡಗಿತ್ತು. ಲೆಕ್ಕದಕ್ಕ ಮೊದಲು ಬೈದಳು, ಆಮೇಲೆ ಯಾಕೆ ಬೈದೆ ಎಂದು ವಿವರಿಸಿದಳು. ಒಬ್ಬ ಕರ್ತವ್ಯನಿಷ್ಠ ತಾನಾಗಿಯೇ ಬರುತ್ತೇನೆ ಅಂದಿದ್ದಾನೆ, ಉಳಿದವರಿಗೇನು ಧಾಡಿ, ಬುಧವಾರದಿಂದ ಎಲ್ಲರೂ ಹಾಜರಾಗಬೇಕು ಎಂದು ಮ್ಯಾನೇಜರು ಸಾರಿದ್ದರಂತೆ.

"ನಾನು ಬರ್ತೀನಿ ಅಂದಿದ್ದು, ಹೋಗ್ತೀನಿ ಅಂತ ಅಕ್ಕಾ" ಅಂದ ಕೈಪಿಡಿ.

"ಹೋಗೋನು ಹೋಗ್ತೀನಿ ಅನ್ಬೇಕು. ನಾಡಿಗೆಲ್ಲ ಗುಂಡಿ ಒತ್ತೋದು ಹೇಗೆ ಅಂತ ಹೇಳಿಕೊಡ್ತೀಯ, ನಿನ್ನ ಬಾಯಿಗೊಂದು ಗುಂಡಿ ಇಲ್ವಾ?" ಎಂದು ಅವಳು ಫೋನು ಕುಕ್ಕಿದಳು. ಚಿತ್ರಗಾರನಂತೂ ಮಿಕ್ಸರಿನ ಜಾರಿನೊಳಗೆ ಕೈಪಿಡಿ ಕೂತಿರುವ ಚಿತ್ರವೊಂದನ್ನು ಬರೆದು ಎಲ್ಲರಿಗೂ ಕಳಿಸಿದ. ಹೋಲಿಕೆ ಚೆನ್ನಾಗಿತ್ತು.

ಮ್ಯಾನೇಜರಿಗೇ ನೇರವಾಗಿ ಹೇಳಿಬಿಡೋಣ ಎಂದು ಕೈಪಿಡಿ ಬಾಲ್ಕನಿಗೆ ಹೋಗಿ ಫೋನು ಮಾಡಿದ. ಸಾರ್, ನಾನು ಬರ್ತೀನಿ ಅಂದದ್ದು ಹೋಗ್ತೀನಿ ಅನ್ನೋ ಅರ್ಥದಲ್ಲಿ, ಎಂದು ತೊದಲಿದ.

"ಹೋಗ್ತೀಯಾ?" ಮ್ಯಾನೇಜರ ದನಿ ಕುಸಿಯಿತು. "ಎಲ್ಲಿಗೆ? ಬೇರೆ ಕಂಪನಿ ಸಿಕ್ತಾ?"

"ಇಲ್ಲ ಸಾರ್, ನಾನು ಎಲ್ಲಿಗೂ ಹೋಗಲ್ಲ."

"ಹಂಗಾದ್ರೆ ಬರ್ತೀಯ."

"ಬರಲ್ಲ ಸಾರ್."

"ಹೋಗೋದೂ ಇಲ್ಲ, ಬರೋದೂ ಇಲ್ಲ ಅಂದ್ರೆ ಏನಯ್ಯಾ ಅದು? ಕೆಲಸ ಬಿಡ್ತೀಯೋ ಇರ್ತೀಯೋ ಅಷ್ಟು ಹೇಳು."

ಇರ್ತೀನಿ ಅಂದರೆ ಎಲ್ಲಿ ಇರುವುದು ಎಂಬ ಇನ್ನೊಂದು ಪ್ರಶ್ನೆ ಹುಟ್ಟುತ್ತದೆಂದು ಕೈಪಿಡಿಗೆ ಹೊಳೆದು, ಅವನು ಸುಮ್ಮನಾದ. ಮ್ಯಾನೇಜರು ನಿಟ್ಟುಸಿರು ಬಿಟ್ಟು ಫೋನಿಟ್ಟರು.

ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ನಿವೃತ್ತ ಮೇಷ್ಟ್ರಿಗೆ ಈ ಸಂಭಾಷಣೆಯ ಅರ್ಧ ಕೇಳಿತ್ತು. ಉಳಿದರ್ಧವನ್ನು ಅವರು ಸ್ವಂತವಾಗಿ ತುಂಬಿಕೊಂಡಿದ್ದರು. ಕೆಳಗಿಳಿದು ಬಂದವರೇ, ಕೆಲಸ ಹೋದದ್ದಕ್ಕೆ ಎದೆಗುಂದಬಾರದು ಎಂದು ಕೈಪಿಡಿಯ ಭುಜ ತಟ್ಟಿದರು. ಅವರ ಹಿಂದೆಯೇ ಕೆಳಗಿನ ಮನೆಯಾಕೆ ಬಂದಳು. ತನ್ನ ಭಾವಮೈದುನನ ಸೈಕಲ್ ಅಂಗಡಿಯಲ್ಲಿ ಒಬ್ಬ ಆಳು ಬೇಕಾಗಿದೆ, ಓದಿದವನಾದರೂ ಅಡ್ಡಿಯಿಲ್ಲ ಅಂದಳು. ಕೆಲಸ ಹೋಗಿಲ್ಲ ಎಂದು ಕೈಪಿಡಿ ಎಷ್ಟು ಹೇಳಿದರೂ ಇಬ್ಬರೂ ಅವನನ್ನು ಮರುಕದಿಂದಲೇ ನೋಡಿದರು. ಕೊನೆಗೆ ಪೂರ್ತಿ ಕತೆ ಕೇಳಿದ ಮೇಷ್ಟ್ರು, ಇಂಥದ್ದೆಲ್ಲ ಫೋನಿನಲ್ಲಿ ಬಗೆಹರಿಯುವುದಿಲ್ಲ, ಮುಖಾಮುಖಿ ಕೂತು ಮಾತಾಡು ಎಂದು ತೀರ್ಪು ಕೊಟ್ಟರು. ಮತ್ತೆ ಫೋನು ಮಾಡಿದ ಲೆಕ್ಕದಕ್ಕನೂ ಅದನ್ನೇ ಅಂದಳು. ಕಟ್ಟಿದ್ದು ನೀನು, ಬಿಚ್ಚುವವನೂ ನೀನೇ, ಹೋಗು.

ಹೀಗೆ, ಆಫೀಸಿಗೆ ಬರುವುದಿಲ್ಲ ಎಂದು ಹೇಳುವುದಕ್ಕೋಸ್ಕರ ಕೈಪಿಡಿ ಆಫೀಸಿಗೆ ಹೊರಡಬೇಕಾಯಿತು. ಪರದೆಯಲ್ಲಿ ಕಾಣುವುದು ಅಂಗಿ ಮಾತ್ರ; ಆದ್ದರಿಂದ ಅವನ ಪ್ಯಾಂಟುಗಳು ವರ್ಷಗಳಿಂದ ಬೀರುವಿನ ತಳದಲ್ಲಿ ಅಜ್ಞಾತವಾಸದಲ್ಲಿದ್ದವು. ಹೊರಗೆ ತೆಗೆದು ಹಾಕಿಕೊಂಡರೆ ಗುಂಡಿಗೂ ತೂತಿಗೂ ಮಾತೇ ಇಲ್ಲ. ಅತ್ತೆ ಎದುರಿಗೆ ನಿಂತು, "ಹೊಟ್ಟೆ ಒಳಗೆಳ್ಕೋ. ಗುಂಡಿ ಹಾಕು. ಮನೆಗೆ ವಾಪಸ್ ಬರೋವರೆಗೂ ಪೂರ್ತಿ ಉಸಿರು ಬಿಡ್ಬೇಡ" ಎಂದು ಸ್ಪಷ್ಟವಾಗಿ ಹೇಳಿಕೊಟ್ಟರು. ಆ ವಾಕ್ಯದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಬಾಗಿಲ ಬಳಿ ನಿಂತು ಅತ್ತೆಗೆ ಏನೋ ಹೇಳಲು ಬಾಯಿ ತೆರೆದವನು, ಆ ಮಾತಿನ ಸಹವಾಸವೇ ಸಾಕು ಎಂದು ಬರೀ ತಲೆ ಆಡಿಸಿ ಹೊರಟ.

ಆಫೀಸಿನ ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟ ಕೈಪಿಡಿ ಅಲ್ಲೇ ನಿಂತ. ಉದ್ದದ ಹಜಾರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೆ ಪ್ರತಿ ಖಾಲಿ ಕುರ್ಚಿಯ ಮೇಲೂ ಫ್ಯಾನು ತಿರುಗುತ್ತಿತ್ತು. ಪ್ರತಿ ಮೇಜಿನ ದೀಪವೂ ಉರಿಯುತ್ತಿತ್ತು. ಲೆಕ್ಕದಕ್ಕ ಎಂದೋ ಬಿಟ್ಟುಹೋಗಿದ್ದ ಪುಟ್ಟ ಗಿಡ ಕಿಟಕಿಯ ಎತ್ತರಕ್ಕೆ ಬೆಳೆದು ನಿಂತಿತ್ತು. ಅದಕ್ಕೆ ಯಾರು ನೀರು ಹಾಕುತ್ತಾರೆ ಎಂದು ಅವನು ಅಚ್ಚರಿಪಡುತ್ತಿರುವಾಗಲೇ, ಚೊಂಬು ಹಿಡಿದ ಮ್ಯಾನೇಜರು ಮೂಲೆಯಿಂದ ಬಂದರು. ಅವನನ್ನು ಕಂಡು ಅವರ ಮುಖ ಎಷ್ಟು ಅರಳಿತೆಂದರೆ, ಕೈಪಿಡಿಗೆ ತಾನು ಮಾಡಲು ಬಂದ ಕೆಲಸ ನೆನೆದು ನಾಚಿಕೆಯಾಯಿತು.

ಅವರಾಗಿಯೇ ಎಲ್ಲ ಹೇಳಿಕೊಂಡರು. ಬೆಳಿಗ್ಗೆ ಚಿತ್ರಗಾರನ ಕುರ್ಚಿ, ಮಧ್ಯಾಹ್ನ ಲೆಕ್ಕದಕ್ಕನ ಕುರ್ಚಿ, ಹೀಗೆ ಜಾಗ ಬದಲಿಸಿ ಕೂತರೆ ಜನರಿದ್ದ ಹಾಗೆ ಅನ್ನಿಸುತ್ತದಂತೆ. ಒಬ್ಬರಾದರೂ ಮನಸ್ಸಿಟ್ಟು ಬಂದರೆ ಆಫೀಸು ಇರಲಿ, ಇಲ್ಲವಾದರೆ ಬೀಗದ ಕೈ ಕೊಟ್ಟುಬಿಡಿ ಎಂದು ದೊಡ್ಡ ಆಫೀಸಿನವರು ಹೇಳಿದ್ದರಂತೆ. ಕೊಟ್ಟುಬಿಟ್ಟರೆ ಮ್ಯಾನೇಜರು ಮನೆಯಲ್ಲಿ ಕೂರಬೇಕು.

"ನಮ್ಮನೇಲಿ ಅತ್ತೆ, ಮಾವ, ಇಬ್ಬರು ನಾದಿನಿಯರು, ಅವರ ಮಕ್ಕಳು. ಒಬ್ಬ ಡ್ರಮ್ಮು ಕಲೀತಿದ್ದಾನೆ. ಯೋಚನೆ ಮಾಡೋಣ ಅಂತ ಬಚ್ಚಲುಮನೆಗೆ ಹೋದ್ರೂ ಹೊರಗೆ ಸಾಲು ನಿಂತಿರ್ತಾರೆ ಕಣಯ್ಯಾ" ಅಂದರು. ಅವರ ಕಣ್ಣಂಚು ಒದ್ದೆಯಾಗಿತ್ತು.

ಇಷ್ಟು ದಿನದ ಕುತೂಹಲ ತಣಿದು ಕೈಪಿಡಿಗೆ ಅವರ ಮೇಲೆ ಮರುಕ ಹುಟ್ಟಿತು. ಆದರೂ ತನ್ನ ಸೋದರತ್ತೆಯನ್ನು ನೆನೆದು ಮನಸ್ಸು ಗಟ್ಟಿಮಾಡಿಕೊಂಡ. ತಾನು ಯಾಕೆ ಮನೆ ಬಿಟ್ಟು ಬರಲಾರೆ ಎಂಬುದನ್ನು ಇವರಿಗೆ ಮನಮುಟ್ಟುವಂತೆ ಹೇಳಲೇಬೇಕು. ಅವನು ಮನೆಯ ವರ್ಣನೆಗೆ ತೊಡಗಿದ. ಎಂಥ ನಿಶ್ಶಬ್ದ, ಎಂಥ ಗಾಳಿ, ಕಿಟಕಿಯ ಪಕ್ಕದ ಕುರ್ಚಿ ಎಂಥದ್ದು, ಕೇಳುವ ಮೊದಲೇ ಚಹಾ ತಂದಿಡುವ ಅತ್ತೆ ಎಂಥವರು. ಮ್ಯಾನೇಜರು ಮುಂದಕ್ಕೆ ಬಾಗಿ ಕೂತರು. ಕಿಟಕಿ ಬೀದಿ ಕಡೆಗೋ ಹಿಂದುಗಡೆಗೋ, ಮಧ್ಯಾಹ್ನ ಬಿಸಿಲು ಬರುತ್ತದೋ, ಮೇಜು ಒಂದೇ ಇದೆಯೋ ಇನ್ನೊಂದಿದೆಯೋ, ಅತ್ತೆ ಹೊಸಬರ ಜೊತೆ ಹೊಂದಿಕೊಳ್ಳುತ್ತಾರೋ, ಒಂದೊಂದನ್ನೂ ಆಸ್ಥೆಯಿಂದ ಕೇಳಿದರು. ತನ್ನ ಮಾತಿಗೆ ಇಷ್ಟು ಶಕ್ತಿಯಿದೆಯೆಂದು ಕೈಪಿಡಿಗೆ ಗೊತ್ತಿರಲಿಲ್ಲ. ಉತ್ಸಾಹ ಉಕ್ಕಿ, "ಯಾರೇ ಬಂದು ಅಲ್ಲಿ ಕೂತ್ರೂ ಸಾಕು ಸಾರ್, ಕೆಲಸ ತಾನಾಗೇ ಓಡತ್ತೆ" ಎಂದ. ಅಷ್ಟು ಹೇಳುವಾಗ ಪ್ಯಾಂಟಿನ ಗುಂಡಿ ಕಿತ್ತು ಮ್ಯಾನೇಜರ ಮೇಜಿನ ಮೇಲೆ ಬಿತ್ತು.

ಮ್ಯಾನೇಜರು ಅದನ್ನು ಗಮನಿಸಲಿಲ್ಲ. "ನೀನು ಹೇಳೋದು ಸರಿ. ಆಫೀಸು ಬೇಡ" ಅಂದರು. ಅವನ ಎದುರಿಗೇ ದೊಡ್ಡ ಆಫೀಸಿಗೆ ಫೋನು ಮಾಡಿ, ಬೀಗದ ಕೈ ಕೊಡುತ್ತೇನೆ ಎಂದು ಹೇಳಿದರು. ಯಾರೂ ಬರಬೇಕಾಗಿಲ್ಲ ಎಂದು ಎಲ್ಲರಿಗೂ ತಿಳಿಸಿದರು. ಫ್ಯಾನುಗಳನ್ನು ಒಂದೊಂದಾಗಿ ಆರಿಸುತ್ತ, ನೀನಿನ್ನು ಮನೆಗೆ ಹೋಗಿ ಕೆಲಸ ನೋಡಿಕೋ ಎಂದು ಪ್ರೀತಿಯಿಂದ ಕಳಿಸಿಕೊಟ್ಟರು.

ಹೊರಗೆ ಬಂದ ಕೈಪಿಡಿ ಪೂರ್ತಿ ಉಸಿರು ಬಿಟ್ಟ. ಈಗ ತಡೆಯಲು ಗುಂಡಿಯೂ ಇರಲಿಲ್ಲ. ಲೆಕ್ಕದಕ್ಕ ಫೋನು ಮಾಡಿ, ನೀನು ಬಂಗಾರ ಕಣೋ ಅಂದಳು. ಚಿತ್ರಗಾರ ಅವನನ್ನು ಮಿಕ್ಸರಿನಿಂದ ಹೊರತೆಗೆದು, ಕುದುರೆಯ ಮೇಲೆ ಕೂರಿಸಿ ಇನ್ನೊಂದು ಚಿತ್ರ ಕಳಿಸಿದ. ಬಸ್ಸು ಹತ್ತುವ ಮನಸ್ಸಾಗಲಿಲ್ಲ. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಅಂಗಡಿ ಬೀದಿಯನ್ನೆಲ್ಲ ನೋಡುತ್ತ ನಡೆದ. ಅತ್ತೆಗೆಂದು ಹಣ್ಣು ಕೊಂಡ. ಉದ್ಯಾನದ ಬೆಂಚಿನ ಮೇಲೆ ಕೂತು ಮಕ್ಕಳ ಆಟ ನೋಡಿದ. ಇಷ್ಟು ಹಗುರಾಗಿ ಅವನು ಎಂದೂ ನಡೆದಿರಲಿಲ್ಲ.

ಮನೆಯ ಬಾಗಿಲಲ್ಲಿ ದೊಡ್ಡ ಅಳತೆಯ ಒಂದು ಜೊತೆ ಶೂ ಇತ್ತು. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮ್ಯಾನೇಜರು ಕೂತಿದ್ದರು. ಗಾಳಿ ಜೋರೆಂದು ಕಿಟಕಿ ಮುಚ್ಚಿಸಿದ್ದರು. ಅವರು ಗತ್ತಿನಿಂದ ಒಂದೊಂದೇ ವಾಕ್ಯ ಓದುತ್ತಿದ್ದರು. ಅತ್ತೆ ಎದುರಿಗೆ ಕೂತು ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಜೋಡಿಸುತ್ತಿದ್ದರು. ಕೈಪಿಡಿಯ ಲ್ಯಾಪ್‌ಟಾಪು ಬಚ್ಚಲುಮನೆಯ ಪಕ್ಕದ ಪುಟ್ಟ ಮೇಜಿಗೆ ವರ್ಗವಾಗಿತ್ತು.

"ಯಾರೇ ಬಂದು ಕೂತ್ರೂ ಸಾಕು ಅಂತ ನೀನೇ ಅಂದ್ಯಂತೆ. ಕಾರಲ್ಲಿ ಆಗ್ಲೇ ಬಂದ್ರು. ಇನ್ಮೇಲೆ ದಿನಾ ಇಲ್ಲೇ ಅಂತೆ" ಅಂದರು ಅತ್ತೆ, ತಲೆ ಎತ್ತದೆ.

ಮ್ಯಾನೇಜರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು ನಿಂತ ಕೈಪಿಡಿಯನ್ನು ನೋಡಿದರು. "ಏನಯ್ಯಾ, ಆಫೀಸು ಶುರುವಾಗಿ ಎಷ್ಟೊತ್ತಾಯ್ತು? ಇವತ್ತೊಂದಿನ ಬಿಟ್ಟಿದ್ದೀನಿ. ನಾಳೆಯಿಂದ ಟೈಮಿಗೆ ಸರಿಯಾಗಿರ್ಬೇಕು."

ಕೈಪಿಡಿ ತನ್ನ ಮನೆಯ ಹೊಸ್ತಿಲಲ್ಲೇ ನಿಂತು, ತಡವಾದದ್ದಕ್ಕೆ ಕ್ಷಮೆ ಕೇಳಿ, ಒಳಗೆ ಬರಬಹುದೇ ಎಂದು ವಿಚಾರಿಸಿದ.