ಎಂಟನೇ ನಂಬರಿನ ದಾರಿ ಸುಲಭ

ಒಬ್ಬೊಬ್ಬರಿಗೆ ಒಂದೊಂದು ಹೆದರಿಕೆ ಇರುತ್ತದೆ. ನನ್ನದು ಇಳಿಜಾರಿನ ಹೆದರಿಕೆ. ಏರು ಎಂದರೆ ಅಷ್ಟಿಲ್ಲ. ಏರಿನಲ್ಲಿ ಮನುಷ್ಯ ಸುಸ್ತಾಗಿ ತಾನಾಗಿಯೇ ನಿಲ್ಲುತ್ತಾನೆ. ಇಳಿಜಾರಿನಲ್ಲಿ ನಿಲ್ಲುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ನಾನು ಸೈಕಲ್ ಕಲಿತದ್ದು ವಿಜಯಪುರದಲ್ಲಿ, ರೊಟ್ಟಿ ಬಡಿಯುವ ಕಲ್ಲಿನಂಥ ಸಪಾಟು ನೆಲದ ಮೇಲೆ. ಪುಣೆಗೆ ಬಂದ ಹೊಸತರಲ್ಲಿ ಒಂದು ಮೇಲ್ಸೇತುವೆ ಇಳಿಯುವಾಗಲೂ ಸೈಕಲ್ಲಿನಿಂದ ಕೆಳಗಿಳಿದು, ಅದನ್ನು ಸಂತೆಯಿಂದ ತಂದ ಎಮ್ಮೆಯಂತೆ ಹಿಡಿದು ನಡೆಸಿಕೊಂಡು ಬರುತ್ತಿದ್ದೆ. ಹಿಂದಿನಿಂದ ಬರುವವರು ಮರಾಠಿಯಲ್ಲಿ ಏನೇನೋ ಹೇಳಿ ಹೋಗುತ್ತಿದ್ದರು. ಆಗ ನನಗೆ ಮರಾಠಿ ಬರುತ್ತಿರಲಿಲ್ಲ, ಅದೊಂದು ಪುಣ್ಯ. ಇಂಥ ನಾನು ಒಂಬತ್ತು ವರ್ಷಗಳಿಂದ ಹೊಟ್ಟೆ ಹೊರೆಯುತ್ತಿರುವುದು ಬೆಟ್ಟಗುಡ್ಡಗಳಲ್ಲಿ ಸೈಕಲ್ ಓಡಿಸುವವರಿಗೆ ದಾರಿಗಳ ವರ್ಣನೆ ಬರೆದು ಎಂದರೆ ನೀವು ನಗಬಹುದು. ಹೋದ ತಿಂಗಳ ಒಂದು ಮಂಗಳವಾರದವರೆಗೆ ನಾನೂ ನಗುತ್ತಿದ್ದೆ.

ನಮ್ಮ ಆಫೀಸು ಶಿವಾಜಿನಗರದಲ್ಲಿ, ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಪುಣೆಯ ಉತ್ಸಾಹಿಗಳನ್ನು ಸೈಕಲ್ ಸವಾರಿಗೆಂದು ಊರೂರಿಗೆ ಕರೆದೊಯ್ಯುವುದು ನಮ್ಮ ಕಸುಬು. ಮಾಲೀಕರನ್ನು ಎಲ್ಲರೂ ಭಾವೂ ಎನ್ನುತ್ತೇವೆ. ಭಾವೂ ಮತ್ತು ಅವರ ಗೈಡುಗಳು ಹೋಗಿ ದಾರಿ ನೋಡಿ, ಮೊಬೈಲಿನಲ್ಲಿ ಮಾತು ತುಂಬಿ ಕಳಿಸುತ್ತಾರೆ. ನಾನು ಫ್ಯಾನಿನ ಕೆಳಗೆ ಕೂತು ಅದನ್ನು ಓದುವಂಥ ಬರಹ ಮಾಡಿ, ಪ್ರತಿ ದಾರಿಗೂ ಸುಲಭ, ಮಧ್ಯಮ, ಕಠಿಣ ಎಂದು ಹಣೆಪಟ್ಟಿ ಹಚ್ಚುತ್ತೇನೆ. ಇದಕ್ಕೂ ಮೊದಲು ಶಾಲಾ ಪುಸ್ತಕಗಳ ಕರಡು ತಿದ್ದುತ್ತಿದ್ದೆ. ಅಲ್ಲಿ ತಪ್ಪಾದರೆ ಮಕ್ಕಳು ಒಂದು ಮಾರ್ಕು ಕಳೆದುಕೊಳ್ಳುತ್ತಿದ್ದರು. ಇಲ್ಲಿ ತಪ್ಪಾದರೆ ಏನು ಕಳೆದುಕೊಳ್ಳುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಈ ವರ್ಷ ಭಾವೂ ಹಿಡಿದದ್ದು ರಿಯೂನಿಯನ್ ಎಂಬ ದ್ವೀಪವನ್ನು. ಮಾರಿಷಸ್ಸಿನ ನೆರೆಮನೆ. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ವಿಜಯಾ, ಯಾವ ಕಾಲೇಜಿನ ರಿಯೂನಿಯನ್ ಎಂದು ಕೇಳಿದಳು. ದ್ವೀಪ ಚಂದವಿದೆ, ನಾನು ಚಿತ್ರದಲ್ಲಿ ನೋಡಿದ್ದೇನೆ. ನಡುವೆ ಜ್ವಾಲಾಮುಖಿ, ಸುತ್ತ ಕತ್ತಿಯಿಂದ ಸೀಳಿದಂಥ ಕಣಿವೆಗಳು, ಬೆಟ್ಟದ ನೆತ್ತಿಯಿಂದ ನೇರವಾಗಿ ಸಮುದ್ರಕ್ಕೆ ಬೀಳುವ ಕಾಲುದಾರಿಗಳು, ಕೆಳಗೆ ಕರಾವಳಿಯ ಅಂಚಿಗೆ ಕಬ್ಬಿನ ಹೊಲಗಳು. ಹತ್ತು ದಾರಿಗಳನ್ನು ಆರಿಸಿ ನಾನೊಂದು ಕೈಪಿಡಿ ಮಾಡಿದೆ. ಮೊದಲ ಮೂರು ದಿನ ಎಲ್ಲರೂ ಒಟ್ಟಿಗೆ ಹೋಗುವುದು, ನಾಲ್ಕನೇ ದಿನ ಅವರವರಿಗೆ ಬೇಕಾದ ದಾರಿಯ ನಂಬರನ್ನು ಮೊದಲೇ ಫಾರ್ಮಿನಲ್ಲಿ ಗುರುತು ಮಾಡಿ ಕೊಡುವುದು. ಅಲ್ಲಿಯ ಡ್ರೈವರು ಗೈಡಿನ ನಕ್ಷೆ ನೋಡಿ ಆ ನಂಬರಿನ ದಾರಿಯ ಬಾಯಿಗೆ ಬಿಟ್ಟು, ಕೆಳಗೆ ಸಮುದ್ರದ ಹತ್ತಿರ ಕಾಯುತ್ತಾನೆ.

ಇಲ್ಲಿ ಸುಶೀಲಕ್ಕನವರ ವಿಷಯ ಹೇಳಬೇಕು. ಇವರು ವಿಜಯಾಳ ಅಕ್ಕ, ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ತಾಯಿ ಬೇಗ ಹೋದದ್ದರಿಂದ ತಂಗಿಯ ತಲೆ ಬಾಚಿ, ಶಾಲೆಗೆ ಕಳಿಸಿ, ಮದುವೆ ಮಾಡಿ ಕೊಟ್ಟವರು. ಖಡಕಿಯ ಕಾರ್ಖಾನೆಗೆ ಮೂವತ್ತು ವರ್ಷ ಸೈಕಲ್ ಮೇಲೆಯೇ ಹೋಗಿ ಬಂದರು. ನಿವೃತ್ತರಾದ ಮೇಲೆ ಸುಮ್ಮನೆ ಕೂರುತ್ತಾರೆ ಎಂದುಕೊಂಡಿದ್ದೆವು. ಅವರು ದಪ್ಪ ಗಾಲಿಯ ಸೈಕಲ್ ಕೊಂಡು ಬೆಳಿಗ್ಗೆ ವೇತಾಳ ಟೇಕಡಿ ಎಂಬ ಗುಡ್ಡ ಹತ್ತತೊಡಗಿದರು. ಒಂದು ಭಾನುವಾರ ನಮ್ಮ ಮನೆಗೆ ಬಂದು, ದ್ವೀಪಕ್ಕೆ ತಾವೂ ಹೋಗುವುದಾಗಿ ಹೇಳಿ, ಫಾರ್ಮನ್ನು ನನ್ನ ಮುಂದಿಟ್ಟು, ನಾಲ್ಕನೇ ದಿನಕ್ಕೆ ಯಾವ ದಾರಿ ಬರೆಯಲಿ ಎಂದು ಕೇಳಿದರು. ನನ್ನನ್ನು ಯಾರಾದರೂ ಸಲಹೆ ಕೇಳಿದರೆ ನನ್ನ ಬೆನ್ನು ನೆಟ್ಟಗಾಗುತ್ತದೆ. ಕೈಪಿಡಿ ತೆರೆದು ನೋಡಿ, ನನ್ನ ಪೆನ್ನಿನಿಂದಲೇ ಎಂಟನೇ ನಂಬರಿಗೆ ಗುರುತು ಹಾಕಿದೆ. "ಪೂರಾ ಕಬ್ಬಿನ ಹೊಲದಾಗ ಹಾದು ಹೋಗತದ ಅಕ್ಕಾ. ಬಾರಾಮತಿಗೆ ಹೋಗಿ ಬಂದಂಗ ಅದ, ಬಾಜೂಕ ಸಮುದ್ರ ಅಷ್ಟ ಹೆಚ್ಚಿಗಿ" ಎಂದೆ. ಅಕ್ಕ ಫಾರ್ಮು ಮಡಚಿ ಚೀಲದಲ್ಲಿಟ್ಟುಕೊಂಡರು.

ಅವರ ತಂಡ ಹೋಗಿ ನಾಲ್ಕನೇ ದಿನವೇ ಆ ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಆಫೀಸಿನಲ್ಲಿ ಚಹಾ ಕುಡಿಯುತ್ತಾ, ಕೈಪಿಡಿ ಮತ್ತೆ ಅಚ್ಚಿಗೆ ಹೋಗುವುದರಿಂದ ಗೈಡು ಕಳಿಸಿದ್ದ ನಕ್ಷೆಯೊಂದಿಗೆ ಒಮ್ಮೆ ಹೋಲಿಸಿ ನೋಡುತ್ತಿದ್ದೆ. ನಕ್ಷೆಯಲ್ಲಿ ಕಬ್ಬಿನ ಹೊಲಗಳ ದಾರಿ ಮೂರನೇ ನಂಬರು. ಎಂಟನೇ ನಂಬರು ಜ್ವಾಲಾಮುಖಿಯ ಅಂಚಿನಿಂದ ಶುರುವಾಗುತ್ತಿತ್ತು. ಮೊದಲು ನಕ್ಷೆಯದೇ ತಪ್ಪು ಎಂದುಕೊಂಡೆ. ಮನುಷ್ಯನಿಗೆ ಮೊದಲು ಹೊಳೆಯುವುದು ಅದೇ ತಾನೆ. ಆಮೇಲೆ ನೆನಪಾಯಿತು. ಕೈಪಿಡಿ ಮುಗಿಸಿದ ಸಂಜೆ, ಬಸ್ಸು ತಪ್ಪಬಾರದೆಂದು ಅವಸರದಲ್ಲಿ ಎರಡು ಪುಟಗಳನ್ನು ಎತ್ತಿ ಅಲ್ಲಿಂದಿಲ್ಲಿಗೆ ಇಟ್ಟಿದ್ದೆ. ಮೂರರ ವರ್ಣನೆ ಎಂಟಕ್ಕೆ, ಎಂಟರದ್ದು ಮೂರಕ್ಕೆ. ಎರಡು ಸಾವಿರ ಮೀಟರ್ ಎತ್ತರದಿಂದ ಸಮುದ್ರಕ್ಕೆ ಬೀಳುವ ದಾರಿಯ ತಲೆಯ ಮೇಲೆ ನಾನೇ ಬರೆದಿದ್ದೆ: ಸುಲಭ.

ಚಹಾದ ಲೋಟ ಕೆಳಗಿಟ್ಟದ್ದು ನೆನಪಿದೆ. ಆ ದ್ವೀಪದ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಬೆಟ್ಟಕ್ಕೆ ಹೋಗುವ ಗಾಡಿ ಅಲ್ಲಿ ಏಳಕ್ಕೆ ಹೊರಡುತ್ತದೆ. ಲೆಕ್ಕ ಹಾಕಿದರೆ ಅಕ್ಕನನ್ನು ಮೇಲೆ ಬಿಟ್ಟು ಬರುವ ಹೊತ್ತು. ಫೋನು ಮಾಡಿದೆ, ಹತ್ತಲಿಲ್ಲ. ಮೆಸೇಜು ಹಾಕಿದೆ, ಅದಕ್ಕೆ ಒಂದೇ ಟಿಕ್ ಗುರುತು ಬಂದು ನಿಂತಿತು. ಧೈರ್ಯಕ್ಕೆಂದು ಎಂಟನೇ ದಾರಿಯ ನಿಜವಾದ ವರ್ಣನೆ ತೆಗೆದು ಓದಿದೆ. ಓದಬಾರದಿತ್ತು. 'ಈ ತಿರುವಿನ ನೋಟ ಭಕ್ತಿಭಾವ ಉಕ್ಕಿಸುತ್ತದೆ' ಎಂದು ಬರೆದಿದ್ದೆ. ಗೈಡು ಹೇಳಿದ್ದನ್ನು ಮತ್ತೆ ಕೇಳಿದರೆ ಅವನ ಮಾತು, ಇಲ್ಲಿ ಎಲ್ಲರೂ ದೇವರನ್ನು ನೆನೆಯುತ್ತಾರೆ, ಯಾಕೆಂದರೆ ಎಡಗಡೆ ಏನೂ ಇಲ್ಲ. 'ದಾರಿ ತುಸು ಆಟವಾಡಿಸುತ್ತದೆ' ಎಂದು ನಾನು ಬರೆದ ಕಡೆ ಅವನು ಹೇಳಿದ್ದು, ಸಡಿಲ ಕಲ್ಲು, ಬ್ರೇಕು ಹಿಡಿದರೂ ಗಾಲಿ ನಿಲ್ಲುವುದಿಲ್ಲ. ಮಧ್ಯಾಹ್ನದ ಮಂಜಿನಲ್ಲಿ ಮುಂದಿನ ಗಾಲಿಯೂ ಕಾಣುವುದಿಲ್ಲ ಎಂದಿದ್ದನ್ನು ನಾನು 'ಮೋಡಗಳ ಜೊತೆ ಪಯಣ' ಮಾಡಿದ್ದೆ. ಒಂಬತ್ತು ವರ್ಷ ನಾನು ಮಾಡಿದ ಕೆಲಸ ಏನೆಂದು ಆ ಒಂದು ಪುಟದಲ್ಲಿ ನನಗೆ ತಿಳಿಯಿತು.

ಭಾವೂಗೆ ತಕ್ಷಣ ಹೇಳಬೇಕಿತ್ತು. ನಾನು ಮೊದಲು ಕೈ ತೊಳೆದು ಬಂದೆ, ಆಮೇಲೆ ಕಿಟಕಿ ತೆರೆದೆ, ಆಮೇಲೆ ಮುಚ್ಚಿದೆ. ಕಾಲು ತಾಸು ಹೀಗೆ ಕಳೆದು ಒಳಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಸೀದಾ ಫೋನು ಎತ್ತಿಕೊಂಡರು. ದ್ವೀಪದಲ್ಲಿದ್ದ ನಮ್ಮ ಗೈಡಿಗೆ ಫೋನು ಹತ್ತಿತು. ಅವನು ಉಳಿದವರೊಂದಿಗೆ ಇನ್ನೊಂದು ದಿಕ್ಕಿನಲ್ಲಿದ್ದ. ಎಂಟನೇ ದಾರಿಗೆ ಮೂವರು ಹೋಗಿದ್ದಾರೆ, ಸುಶೀಲಾಬಾಯಿ ಮತ್ತು ಹೊಸದಾಗಿ ಮದುವೆಯಾದ ಒಂದು ಜೋಡಿ, ಮೇಲೆ ಬಿಟ್ಟು ಆಗಲೇ ಅರ್ಧ ತಾಸಾಯಿತು ಎಂದ. ಆ ಬೆಟ್ಟದ ಮೇಲೆ ಫೋನು ಸಿಗುವುದಿಲ್ಲ. ಯಾರನ್ನಾದರೂ ಹಿಂದಿನಿಂದ ಕಳಿಸುತ್ತೇನೆ, ಆದರೆ ಕೆಳಗೆ ಬರುವವರೆಗೆ ಏನೂ ಗೊತ್ತಾಗುವುದಿಲ್ಲ ಎಂದ. ಅಲ್ಲಿಯವರೆಗೆ ನನ್ನ ಹೆದರಿಕೆ ಒಬ್ಬರ ಮೇಲೆ ನಿಂತಿತ್ತು, ಈಗ ಮೂವರಿಗೆ ಹಂಚಬೇಕಾಯಿತು, ಹಂಚಿದರೂ ಕಡಿಮೆಯಾಗಲಿಲ್ಲ.

ವಿಜಯಾ ಹತ್ತಿರದ ಕೋರ್ಟಿನಲ್ಲಿ ಟೈಪು ಮಾಡುತ್ತಾಳೆ. ಒಂದು ಗಂಟೆಗೆ ನಾವಿಬ್ಬರೂ ಕುಂದಾಪುರದವರ ಹೋಟೆಲಿನಲ್ಲಿ ಊಟ ಮಾಡುವುದು ರೂಢಿ. ಅಂದು ನಾನು ಮೊದಲು, ಅಕ್ಕ ಹೆಲ್ಮೆಟ್ಟು ಒಯ್ದಿದ್ದಾರೆಯೇ ಎಂದು ಕೇಳಿದೆ. ಆಮೇಲೆ ಅವರ ಮಂಡಿ ನೋವು ಈಗ ಹೇಗಿದೆ ಎಂದು ಕೇಳಿದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಾನು ಅಕ್ಕನ ಮಂಡಿಯನ್ನು ವಿಚಾರಿಸಿದ್ದು ಅದೇ ಮೊದಲು. ವಿಜಯಾ ತುತ್ತು ಕೆಳಗಿಟ್ಟು, ಏನಾಗಿದೆ ಸೀದಾ ಹೇಳ್ರಿ ಎಂದಳು. ಹೇಳಿದೆ. ಹೋಟೆಲಿನ ಮಾಲೀಕರು ಸಾರು ಬಡಿಸಲು ಬಂದವರು ನಮ್ಮಿಬ್ಬರ ಮುಖ ನೋಡಿ ಹಾಗೆಯೇ ಹೋದರು. ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಅಕ್ಕ ನಿಮ್ಮ ಪುಸ್ತಕ ಓದಿ ಹೋಗಿಲ್ರಿ. ನೀವು ಹೇಳೀರಿ ಅಂತ ಹೋಗ್ಯಾಳ" ಎಂದಳು. ಆಮೇಲೆ ಎದ್ದು, ಕೋರ್ಟಿಗೆ ಅರ್ಧ ದಿನ ರಜೆ ಹೇಳಿ, ನನ್ನ ಆಫೀಸಿಗೆ ಬಂದು ನನ್ನ ಮೇಜಿನ ಎದುರು ಕೂತಳು. ಭಾವೂ ಚಹಾ ತರಿಸಿದರು. ಯಾರೂ ಕುಡಿಯಲಿಲ್ಲ. ಎರಡಾಯಿತು, ಮೂರಾಯಿತು, ಮೂರೂವರೆಯಾಯಿತು. ನಾನು ಪರದೆಯ ಮೇಲೆ ಆಕಾಶದಿಂದ ತೆಗೆದ ಆ ಬೆಟ್ಟದ ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದೆ, ಎಲ್ಲೋ ಒಂದು ಕಡೆ ಅಕ್ಕ ಕಾಣಿಸುತ್ತಾರೆ ಎನ್ನುವಂತೆ. ಆ ಚಿತ್ರ ಯಾವ ಕಾಲದ್ದೋ.

ನಾಲ್ಕೂ ಕಾಲಿಗೆ ಫೋನು ಬಂತು. ವಿಜಯಾಳಿಗಲ್ಲ, ನನಗೆ. "ಶ್ರೀಧರರಾವ್, ನಿಮ್ಮ ಕಬ್ಬಿನ ಹೊಲ ನನಗ ಸಿಗಲೇ ಇಲ್ಲಲ್ರಿ" ಎಂದಿತು ಅಕ್ಕನ ದನಿ. ವಿಜಯಾ ಫೋನು ಕಸಿದುಕೊಂಡಳು, ಆಗ ಅತ್ತಳು.

ನಡೆದದ್ದು ಇಷ್ಟು. ಮೇಲೆ ಇಳಿಸುವಾಗ ಡ್ರೈವರು ಫ್ರೆಂಚಿನಲ್ಲಿ ಏನೋ ಕೇಳಿ, ಅಕ್ಕನ ಬಿಳಿ ಕೂದಲು ನೋಡಿ ತಲೆ ಅಲ್ಲಾಡಿಸಿದನಂತೆ. "ಅವನ ಭಾಷಾ ತಿಳೀಲಿಲ್ಲ, ಮಾರಿ ತಿಳೀತು" ಎಂದರು ಅಕ್ಕ. ಗಾಡಿ ಹೋದ ಮೇಲೆ ದಾರಿಯ ಬಾಯಲ್ಲಿ ನಿಂತು ಕೆಳಗೆ ನೋಡಿದ್ದಾರೆ. ಆ ಮದುಮಗ ಕೈಪಿಡಿ ತೆರೆದು, ಸುಲಭ ಎಂದು ಬರೆದಿದೆ ಎನ್ನುತ್ತಾ ಸೈಕಲ್ ಹತ್ತಿ ಹೊರಡುವುದರಲ್ಲಿದ್ದ. ಹೆಂಡತಿಯ ಎದುರು ಹಿಂಜರಿಯುವುದು ಹೇಗೆ. ಅಕ್ಕ ಅವನ ಸೈಕಲ್ಲಿನ ಸೀಟನ್ನು ಹಿಂದಿನಿಂದ ಹಿಡಿದು ನಿಲ್ಲಿಸಿದರಂತೆ, ಕಾರ್ಖಾನೆಯಲ್ಲಿ ತಾವು ಮೂವತ್ತು ವರ್ಷ ಇದ್ದದ್ದು ತಪಾಸಣೆ ವಿಭಾಗದಲ್ಲಿ, ಕಾಗದದಲ್ಲಿ ಪಾಸ್ ಎಂದು ಬರೆದಿದ್ದರೂ ಮಾಲನ್ನು ಕೈಯಲ್ಲಿ ಹಿಡಿದು ನೋಡದೆ ಬಿಡುತ್ತಿರಲಿಲ್ಲ ಎಂದರಂತೆ. ಆಮೇಲೆ ಮೂವರೂ ಸೈಕಲ್ಲುಗಳನ್ನು ಕೈಯಲ್ಲಿ ಹಿಡಿದು, ಬಂಡೆಯ ಬದಿಗೆ ಒರಗಿಕೊಂಡು, ಹೆಜ್ಜೆ ಹೆಜ್ಜೆ ಇಳಿದಿದ್ದಾರೆ. ನಡುವೆ ಮಂಜು ಬಂದಾಗ ಒಂದು ತಾಸು ಒಂದೇ ಕಡೆ ಕೂತು, ಅಕ್ಕ ಒಯ್ದಿದ್ದ ಶೇಂಗಾ ಚಿಕ್ಕಿ ತಿಂದಿದ್ದಾರೆ. ಸಡಿಲ ಕಲ್ಲಿನ ಮೇಲೆ ಅಕ್ಕ ಒಮ್ಮೆ ಜಾರಿ ಎಡಗೈ ಮಣಿಕಟ್ಟು ಉಳುಕಿಸಿಕೊಂಡರು. ಆಗ ಅವರ ಸೈಕಲ್ಲನ್ನೂ ಸೇರಿಸಿ ಎರಡು ಸೈಕಲ್ ಹೊತ್ತದ್ದು ಆ ಮದುಮಗ. ಕೆಳಗಿನ ಮಟ್ಟಸ ದಾರಿ ಸಿಕ್ಕ ಮೇಲೆ, ಕೈ ಉಳುಕಿದ್ದರೂ, ಕೊನೆಯ ತುಣುಕನ್ನು ಅಕ್ಕ ಸೈಕಲ್ ಮೇಲೆಯೇ ಹೋದರಂತೆ. ಯಾಕೆ ಎಂದು ಕೇಳಿದ್ದಕ್ಕೆ, ಸಮುದ್ರದ ಗಾಳಿ ಛಲೋ ಇತ್ತು ಎಂದರು.

ವಾರದ ಮೇಲೆ ಅಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ನಮ್ಮ ಆಫೀಸಿಗೆ ಬಂದರು. ನಾನು ಎದ್ದು ನಿಂತು, ತಪ್ಪಾಯಿತು ಎಂದು ಹೇಳಲು ಬಸ್ಸಿನಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದೆ. ಅವರು ಅರ್ಧಕ್ಕೇ ಕೈ ಎತ್ತಿ ಸಾಕು ಎಂದು ಕುರ್ಚಿ ಎಳೆದುಕೊಂಡು ಕೂತು, ಕೈಪಿಡಿಯ ಹತ್ತೂ ದಾರಿಗಳನ್ನು ನನ್ನಿಂದ ಓದಿಸಿದರು. ನಡುನಡುವೆ ಒಂದೇ ಪ್ರಶ್ನೆ: "ಇದನ್ನ ನೀವು ನೋಡೀರೇನು?" ಇಲ್ಲ ಎಂದೆ. ಹತ್ತು ಸಲ ಇಲ್ಲ ಎಂದೆ. ಭಾವೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೆಲಸ ಹೋಯಿತು ಎಂದೇ ತಿಳಿದೆ. ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಇಳಿಜಾರು ಎಂದರೇನೆಂದು ತಿಳಿಯುವವರೆಗೆ ನಾನು ಯಾವ ದಾರಿಗೂ ಹಣೆಪಟ್ಟಿ ಹಚ್ಚಕೂಡದು, ಅದನ್ನು ನನಗೆ ತಿಳಿಸಿಕೊಡುವ ಹೊಣೆ ಸುಶೀಲಾಬಾಯಿಯವರದು ಎಂದು ಅವರಿಬ್ಬರೂ ಅಲ್ಲಿಯೇ ತೀರ್ಮಾನಿಸಿದರು.

ಹಾಗಾಗಿ ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಬಾಡಿಗೆಯ ದಪ್ಪ ಗಾಲಿಯ ಸೈಕಲ್ ಹಿಡಿದು ವೇತಾಳ ಟೇಕಡಿಯ ಮೇಲೆ ನಿಂತಿದ್ದೆ. ಅಕ್ಕ ಕೈಗೆ ಪಟ್ಟಿ ಇದ್ದುದರಿಂದ ನಡೆದೇ ಬಂದಿದ್ದರು. ಎದುರಿಗೆ ಒಂದು ಇಳಿಜಾರು. ದೊಡ್ಡದೇನಲ್ಲ, ಅಜ್ಜಂದಿರು ಹರಟೆ ಹೊಡೆಯುತ್ತಾ ಇಳಿಯುವಂಥದ್ದು. ನನ್ನ ಎರಡೂ ಕೈ ಬ್ರೇಕಿನ ಮೇಲೆ, ಎರಡೂ ಕಾಲು ನೆಲದ ಮೇಲೆ. ಹೀಗೆ ನಿಂತು ಕಾಲು ತಾಸಾಗಿರಬೇಕು. ಹಿಂದಿನಿಂದ ಸೈಕಲ್ ಮೇಲೆ ಬಂದ ಹೆಂಗಸೊಬ್ಬರು ನನ್ನ ಹೆಲ್ಮೆಟ್ಟು, ಮಂಡಿಯ ಕವಚ, ಮೊಣಕೈಯ ಕವಚ ಎಲ್ಲ ನೋಡಿ, ತಿಳಿದವನೆಂದು ಬಗೆದು, ಈ ದಾರಿ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದರು. ನಾಲಗೆಯ ತುದಿಗೆ ಏನೋ ಚಂದದ್ದು ಬಂದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲ, ನಾನಿನ್ನೂ ಇಳಿದಿಲ್ಲ ಎಂದೆ. ಇಷ್ಟು ಪ್ರಾಮಾಣಿಕವಾದ ವಾಕ್ಯ ನನ್ನಿಂದ ಹೊರಟದ್ದಕ್ಕೆ ಯಾರಾದರೂ ಮೆಚ್ಚುತ್ತಾರೆಂದು ಸುತ್ತ ನೋಡಿದೆ. ಆ ಹೆಂಗಸು, ಹಾಗಾದರೆ ಸ್ವಲ್ಪ ಸರಿದು ನಿಲ್ಲಿ ಕಾಕಾ, ಹಿಂದೆ ಹನ್ನೊಂದು ಜನ ಕಾಯುತ್ತಿದ್ದಾರೆ ಎಂದರು.