ಮೊಬೈಲ್ ಲಿಲಾವಿನಲ್ಲಿ ನವಾಬರ ಪೇಟಿ

"ನನ್ನ ಪೇಟಿ ಬಾರಸೂ ಮಂದಿಗೆ ಕೊಟ್ಟುಬಿಡ್ರಿ. ಮೂಲ್ಯಾಗ ಇಟಗೊಂಡು ಕುಂದರಬ್ಯಾಡ್ರಿ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಪೇಟಿ ಅಂದರೆ ಹಾರ್ಮೋನಿಯಂ. ಅದನ್ನು ಬಾರಿಸಿ ಭಜನಿ ಹೇಳುತ್ತಿದ್ದಳು. ಆಕೆ ಹೋಗಿ ವರ್ಷ ಆಯಿತು. ಪೇಟಿ ನನ್ನ ಅಂಗಡಿಯ ಮೂಲೆಯಲ್ಲೇ ಕುಂತಿತ್ತು.

ಅಂಗಡಿ ಇರುವುದು ಸಿಂದಗಿ ಬಸ್ ಸ್ಟ್ಯಾಂಡ್ ಹತ್ತಿರ. ಪೇಟಿ, ತಬಲಾ ರಿಪೇರಿ. ನಾನು ಸಾಲಿ ಕಲಿತದ್ದು ಕಡಿಮಿ. ಈಗ ಮೊಬೈಲಿನಲ್ಲಿ ಹಳೇ ವಾದ್ಯಗಳ ಲಿಲಾವು, ಅಂದರೆ ಹರಾಜು, ನಡೆಯುತ್ತದೆ. ಕೊಳ್ಳುವವರು ಸವಾಲು ಕೂಗುವ ಮೊದಲು ಫೋಟೋ ತಂದು ನನಗೆ ತೋರಿಸುತ್ತಾರೆ. "ಮಾರಾಂವ ಹೇಳೂದು ಖರೇನೋ ಸುಳ್ಳೋ ನೋಡ್ರಿ ಮಿಸ್ತ್ರಿ" ಅನ್ನುತ್ತಾರೆ. ಮೊದಲು ಹೆಂಡತಿ ಓದಿ ಹೇಳುತ್ತಿದ್ದಳು. ಈಗ ಬಾಜೂ ಅಂಗಡಿಯ ಗಡಿಯಾರ ರಿಪೇರಿ ಭಾಯಿ ಓದುತ್ತಾನೆ. ಅವನು ಓದುತ್ತಾನೆ, ನಾನು ನೋಡುತ್ತೇನೆ. ನಗುವಂಥದ್ದು ಏನೂ ಬರದೆ ವಾರ ಕಳೆದದ್ದು ನನಗೆ ನೆನಪಿಲ್ಲ.

೧. ನವಾಬರ ಸ್ಕ್ರೂ

ಇಂಡಿಯಿಂದ ಒಬ್ಬ ಕಿರಾಣಿ ವ್ಯಾಪಾರಿ ಬಂದ. ಒಂದು ಪೇಟಿಯ ಫೋಟೋ ತೋರಿಸಿದ. ಕೆಳಗೆ ಬರೆದದ್ದನ್ನು ಭಾಯಿ ಓದಿದ: "ನವಾಬರ ದರ್ಬಾರಿನಲ್ಲಿ ನುಡಿದ ಪೇಟಿ. ಇನ್ನೂರು ವರ್ಷ ಹಳೆಯದು."

ಫೋಟೋ ದೊಡ್ಡದು ಮಾಡಿಸಿ ನೋಡಿದೆ. ಹಿತ್ತಾಳಿ ಪಟ್ಟಿಗೆ ಹೊಡೆದದ್ದೆಲ್ಲ ಪ್ಲಸ್ ಸ್ಕ್ರೂ.

ಮಾರುವವನಿಗೆ ಫೋನ್ ಹಚ್ಚಿಸಿದೆ. "ನವಾಬರ ಕಾಲಕ್ಕ ಪ್ಲಸ್ ಸ್ಕ್ರೂ ಎಲ್ಲಿದ್ದೂರಿ?" ಅಂತ ಕೇಳಿದೆ.

ಅವನು ಅಂದ:

"ನವಾಬರ ಹಂತ್ಯಾಕ ಏನ ಕಡಿಮಿತ್ರಿ ಕಾಕಾ. ನಮ್ಮಂಥಾ ಬಡವರಿಗೆ ಆಮ್ಯಾಲೆ ಬಂದಾವ."

ವ್ಯಾಪಾರಿ ನಕ್ಕು ಎದ್ದ. ಹೋಗುವಾಗ ಮೂಲೆ ಕಡೆ ಕೈ ಮಾಡಿ, "ಅದನ್ನ ಕೊಡೂದೈತೇನ್ರಿ?" ಅಂದ.

"ಅದು ರಿಪೇರಿಗೆ ಬಂದದ್ದು" ಅಂದೆ.

ಭಾಯಿ ಗಡಿಯಾರದಿಂದ ತಲೆ ಎತ್ತಿ ನನ್ನನ್ನು ನೋಡಿದ.

೨. ಮಾವನವರು

ಬಸವನ ಬಾಗೇವಾಡಿಯ ಒಬ್ಬ ಮಾಸ್ತರರಿಗೆ ಹಳೇ ತಬಲಾ ಬೇಕಾಗಿತ್ತು. ಅವರು ತಂದ ಫೋಟೋದಲ್ಲಿ ತಬಲಾದ ಮುಂದೆ ಬಿಳಿ ಗಡ್ಡದ ಅಜ್ಜ ಕುಂತಿದ್ದ. "ನೂರು ವರ್ಷದ ತಬಲಾ. ಫೋಟೋನೇ ಸಾಕ್ಷಿ" ಅಂತ ಬರೆದಿತ್ತು.

ಅಜ್ಜನ ಎರಡೂ ಕೈ ಜೋಡಿಯ ಒಂದೇ ತಬಲಾದ ಮೇಲಿದ್ದವು. ರೊಟ್ಟಿ ಬಡಿಯುವಂಗ.

ಮಾಸ್ತರರೇ ಫೋನ್ ಹಚ್ಚಿದರು. "ಅಜ್ಜಾರು ಎಷ್ಟು ವರ್ಷದಿಂದ ಬಾರಸ್ತಾರ್ರಿ?"

"ಅವರು ಬಾರಸೂದಿಲ್ರಿ. ನಮ್ಮ ಮಾವನವರು. ಜ್ವಾಳಾ ಬೀಸಕೊಂಡು ಬರಾಕ ಹೊಂಟಿದ್ರು, ಕರದು ಕುಂಡ್ರಿಸಿದೆ. ಮುಂದ ಮುದುಕರು ಕುಂತ್ರ ತಬಲಾ ಹಳೇದ ಕಾಣತೈತಿ ಅಂತ ಯಾರೋ ಅಂದಿದ್ರು."

"ಮತ್ತ ಹಳೇದು ಯಾವುದ್ರಿ?"

"ಹಳೇದು ಅಂದ್ರ ಮಾವನವರು ಒಬ್ಬರ ರೀ."

೩. ಕಿಡಕಿಯ ಬಣ್ಣ

ಪ್ರತಿ ಸಲ ನನ್ನ ಮಾತೇ ಖರೆ ಆಗುತ್ತಿತ್ತು ಅಂತಲ್ಲ.

ಅದೇ ಮಾಸ್ತರರು ಮತ್ತೊಂದು ಫೋಟೋ ಕಳಿಸಿದರು. ಹಸಿರು ಪೇಟಿ. ಎಣ್ಣಿ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. "ನಮ್ಮತ್ತಿಯ ಅಪ್ಪನ ಕಾಲದ್ದು" ಅಂತ ಬರೆದಿತ್ತು. ನಾನು ಒಂದೇ ನೋಟಕ್ಕೆ, "ಸುಳ್ಳ. ಹೊಚ್ಚ ಹೊಸಾದು" ಅಂದೆ. ಮಾಸ್ತರರು ಅದನ್ನೇ ಮಾರುವವರಿಗೆ ಹೇಳಿಬಿಟ್ಟರು, ನನ್ನ ಅಂಗಡಿಯ ಗುರುತು ಸಹಿತ.

ಎರಡು ದಿನಕ್ಕೆ ಯಂಕಂಚಿಯಿಂದ ಒಬ್ಬ ಹೆಣಮಗಳು ಬಸ್ಸಿಳಿದು ಬಂದಳು. ತಲೆಯ ಮೇಲೆ ಹಸಿರು ಪೇಟಿ. ನನ್ನ ಮುಂದೆ ಇಳಿಸಿದಳು.

"ಸುಳ್ಳ ಅಂದಾಂವ ಯಾಂವ?"

ನಾನು ಸ್ಕ್ರೂ ಡ್ರೈವರ್ ತಗೊಂಡೆ. ಬಿಚ್ಚಿ ನೋಡಿದರೆ ಒಳಗೆ ಹಳೇ ಕಟ್ಟಿಗಿ, ಹಳೇ ಸ್ವರಪಟ್ಟಿ. ನನಗಿಂತ ಹೆಚ್ಚು ವಯಸ್ಸಿನದು.

"ಹಳೇದ ಐತಿ ಬಿಡವಾ. ಇದಕ್ಕ ಯಾಕ ಬಣ್ಣ ಹಚ್ಚಿದಿ?"

"ಮಂದಿ ಕಣ್ಣಿಗೆ ಬೀಳೂ ಸಾಮಾನು. ಹಂಗ ಇಟ್ರ ನಮ್ಮ ಮನಿತನಕ್ಕ ಏನಂದಾರು? ಕಿಡಕಿಗೆ ತಂದ ಬಣ್ಣ ಉಳದಿತ್ತು, ಎರಡ ಕೈ ಹೊಡದೆ."

ಭಾಯಿ ಅಂದ: "ಇನ್ನೂ ಉಳದಿದ್ರ ನಮ್ಮ ಮಿಸ್ತ್ರಿಗೂ ಒಂದ ಕೈ ಹೊಡಿ ಅಕ್ಕಾ. ಲಗ್ನದ ಸೋಯರಿಕಿ ಬಂದರೂ ಬಂದಾವ."

ಆಕೆ ನಕ್ಕಳು. ಚಾ ಕುಡಿದು ಹೋದಳು. ಆಕೆ ಹೋದ ಮೇಲೆ ಭಾಯಿ ನಗುವುದನ್ನು ನಿಲ್ಲಿಸಿದ.

"ಭಾಬಿ ಹೋಗೂಮುಂದ ಹೇಳಿದ್ದು ಏನಾತು?"

ನಾನು ಸ್ಕ್ರೂ ಡ್ರೈವರ್ ಡಬ್ಬಿಗೆ ಹಾಕಿದೆ.

"ರಿಪೇರಿಗೆ ಬಂದದ್ದು, ರಿಪೇರಿಗೆ ಬಂದದ್ದು ಅಂತ ಒಂದ ವರ್ಷ ಕೇಳೇನಿ. ಯಾವ ರಿಪೇರಿ?"

"ಹಾಕು ಲಿಲಾವಿಗೆ" ಅಂದೆ. "ಆದ್ರ ನಾ ಹೇಳಿದಂಗ ಬರಿ."

೪. ನಮ್ಮ ಪೇಟಿ

ನಾನು ಹೇಳಿದೆ, ಅವನು ಬರೆದ. "ಭಾಳ ಹಳೇದಲ್ಲ. ಗಾಳಿ ಸೋರತೈತಿ. ಮೂರು ಸ್ವರ ಮೂಕ. ಬಾರಿಸಿದ್ರ ಬೆಕ್ಕು ಒದರಿದಂಗ ಆಕ್ಕೈತಿ."

ಇಷ್ಟು ಓದಿದವರು ಯಾರೂ ಕೊಳ್ಳುವುದಿಲ್ಲ ಅಂತ ನನ್ನ ಲೆಕ್ಕ. ಆಕೆಯ ಮಾತು ನಡೆಸಿದಂತೆಯೂ ಆಗುತ್ತದೆ, ಪೇಟಿ ಅಂಗಡಿಯಲ್ಲೂ ಉಳಿಯುತ್ತದೆ.

ಸಂಜಿಗೆ ಭಾಯಿ ಬಂದ. "ಸವಾಲು ಏರಾಕತ್ತೈತೋ ಮಿಸ್ತ್ರಿ. ಇಷ್ಟ ಖರೆ ಹೇಳೂ ಮನಷ್ಯಾನ ನೋಡಿಲ್ಲ ಅಂತ ಒಬ್ಬಾಂವ ಬರದಾನ. ಮೂರು ಸ್ವರ ಮೂಕ ಅಂದ್ರ ರಾಜರ ಕಾಲದ್ದ ಇರಬೇಕು ಅಂತ ಇನ್ನೊಬ್ಬಾಂವ."

"ಇಲಿ ಕಡದೈತಿ ಅಂತ ಸೇರಿಸು" ಅಂದೆ.

ಸೇರಿಸಿದ. ಸವಾಲು ಮತ್ತೂ ಏರಿತು.

ಎಲ್ಲರಿಗಿಂತ ಹೆಚ್ಚು ಕೂಗಿದ್ದು ಮುದ್ದೇಬಿಹಾಳದ ಒಬ್ಬ ಅಕ್ಕಾರು. ಅಲ್ಲಿ ಹೆಣಮಕ್ಕಳಿಗೆ ಭಜನಿ ಕಲಿಸುತ್ತಿದ್ದರು. ಪೇಟಿ ನೋಡಲು ತಾವೇ ಬಂದರು. ನೆಲಕ್ಕೆ ಕುಂತರು. ಒಂದೊಂದೇ ಸ್ವರ ಒತ್ತಿದರು. ಈ ತುದಿಯಿಂದ ಆ ತುದಿಯವರೆಗೆ ಎಲ್ಲ ನುಡಿದವು. ನಾನು ಹೊರಗೆ ರಸ್ತೆ ನೋಡುತ್ತಾ ನಿಂತೆ.

"ಮಿಸ್ತ್ರಿ, ಬೆಕ್ಕು ಎಲ್ಲೈತ್ರಿ?" ಅಂದರು.

ಭಾಯಿ ತಡೆದುಕೊಳ್ಳಲಿಲ್ಲ. "ನಾಕೂ ತಾಲೂಕಿನ ಸುಳ್ಳ ಹಿಡಿಯಾಂವ ಇಂವ. ಇವನ್ನ ಹಿಡ್ಯಾಕ ನೀವ ಮುದ್ದೇಬಿಹಾಳದಿಂದ ಬರಬೇಕಾತ್ ನೋಡ್ರಿ."

ಅಕ್ಕಾರು ನಗಲಿಲ್ಲ. "ಯಾರದ್ರಿ ಪೇಟಿ?"

"ನನ್ನ ಹೆಂಡತೀದು."

"ಕೊಡೂ ಮನಸೈತೇನ್ರಿ?"

"ಇಲ್ರಿ" ಅಂದೆ. ಅವರ ಬೆರಳು ಇನ್ನೂ ಸ್ವರಗಳ ಮೇಲಿದ್ದದ್ದು ನೋಡಿ, "ನಾಳೆ ನಾನ ತಂದು ಕೊಡ್ತೇನಿ" ಅಂದೆ.

ಮರುದಿನ ಮುಂಜಾನೆ ಪೇಟಿಗೆ ಕೌದಿ ಸುತ್ತಿದೆ. ತಾಳಿಕೋಟಿ ಮೇಲೆ ಹೋಗುವ ಮುದ್ದೇಬಿಹಾಳ ಬಸ್ ಹತ್ತಿದೆ. ಕಿಡಕಿ ಬಾಜೂ ಸೀಟಿಗೆ ಪೇಟಿ ಇಟ್ಟೆ, ಈಚೆ ನಾನು ಕುಂತೆ.

ಕಂಡಕ್ಟರ್ ಬಂದ. "ಸೀಟ್ ಮ್ಯಾಲೆ ಇಟ್ರ ಅದಕ್ಕೂ ಟಿಕೇಟ್ ಆಕ್ಕೈತಿ ಕಾಕಾ."

"ಇದು ಹೆಣಮಗಳದು. ಹೆಣಮಕ್ಕಳಿಗೆ ಫ್ರೀ ಐತೆಲ್ರಿ?"

ಅವನು ಕೌದಿ ನೋಡಿದ. ನನ್ನನ್ನು ನೋಡಿದ.

"ಹಂಗಾರ ಆಧಾರ್ ಕಾರ್ಡ್ ತೋರಸ್ರಿ."

ಹಿಂದಿನ ಸೀಟಿನ ಹೆಣಮಕ್ಕಳು ನಕ್ಕರು. ನನಗೂ ನಗು ಬಂತು. ಬಹಳ ದಿನದ ಮೇಲೆ.

"ಎರಡು ಮುದ್ದೇಬಿಹಾಳ ಕೊಡ್ರಿ" ಅಂದೆ.